ಮೂವತ್ತು ದಿನವೋ, ಎರಡು ಸಾವಿರ ಗಂಟೆಯೋ?

ಬಸ್ ನಿಲ್ದಾಣದ ಪುಸ್ತಕದಂಗಡಿಗಳಲ್ಲಿ ಪಂಚಾಂಗ, ಅಡುಗೆ ಪುಸ್ತಕ, ಗಾದೆ ಸಂಗ್ರಹಗಳ ನಡುವೆ ಒಂದು ಜಾತಿಯ ಕಿರುಪುಸ್ತಕ ದಶಕಗಳಿಂದ ತನ್ನ ಜಾಗ ಬಿಟ್ಟುಕೊಟ್ಟಿಲ್ಲ: 30 ದಿನಗಳಲ್ಲಿ ಇಂಗ್ಲಿಷ್, 30 ದಿನಗಳಲ್ಲಿ ಹಿಂದಿ, 30 ದಿನಗಳಲ್ಲಿ ತಮಿಳು. ಕೆಲಸ ಹುಡುಕಿಕೊಂಡು ಊರು ಬಿಟ್ಟ ಎಷ್ಟೋ ಜನರ ಚೀಲದಲ್ಲಿ ಅವು ಪ್ರಯಾಣ ಮಾಡಿವೆ. ಬಸ್ಸು ಎಷ್ಟು ಗಂಟೆಗೆ, ಬಾಡಿಗೆ ಎಷ್ಟು ಎಂದು ಕೇಳುವಷ್ಟು ಮಾತು ಅವುಗಳಿಂದ ಬಂದದ್ದೂ ಉಂಟು. ಅಷ್ಟರ ಮಟ್ಟಿಗೆ ಅವು ಉಪಕಾರಿಯೇ. ಆದರೆ ಬೆಂಗಳೂರಿನಿಂದ ಹೋದ ನರ್ಸ್ ಒಬ್ಬರು ಜರ್ಮನಿಯ ಆಸ್ಪತ್ರೆಯಲ್ಲಿ ರೋಗಿಯ ನೋವು ಎಲ್ಲಿ, ಯಾವಾಗಿನಿಂದ, ಹೇಗೆ ಎಂದು ಕೇಳಿ ತಿಳಿಯಬೇಕಾದರೆ? ಬಿಡದಿಯ ಕಾರ್ಖಾನೆಯ ಎಂಜಿನಿಯರ್ ಜಪಾನಿನಿಂದ ಬಂದ ಯಂತ್ರದ ಕೈಪಿಡಿಯನ್ನು ಮೂಲದಲ್ಲೇ ಓದಬೇಕಾದರೆ? ಅದಕ್ಕೆ ಎಷ್ಟು ದಿನ ಹಿಡಿಯುತ್ತದೆ?

ಇದಕ್ಕೆ ಬಾಯಿಮಾತಿನ ಅಂದಾಜು ಬಿಟ್ಟು ದಾಖಲೆ ಇಟ್ಟುಕೊಂಡು ಉತ್ತರ ಹೇಳಬಲ್ಲ ಸಂಸ್ಥೆಗಳು ಜಗತ್ತಿನಲ್ಲಿ ಹೆಚ್ಚಿಲ್ಲ. ಅವುಗಳಲ್ಲಿ ಮುಖ್ಯವಾದದ್ದು ಅಮೆರಿಕದ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್. 1947ರಲ್ಲಿ ಶುರುವಾದ ಈ ಸರ್ಕಾರಿ ಸಂಸ್ಥೆ ವರ್ಜೀನಿಯಾದ ಆರ್ಲಿಂಗ್ಟನ್‌ನಲ್ಲಿದೆ. ಬೇರೆ ದೇಶಗಳ ರಾಯಭಾರ ಕಚೇರಿಗಳಿಗೆ ಹೋಗುವ ಅಧಿಕಾರಿಗಳಿಗೆ ಅಲ್ಲಿ ಸಂಬಳ ಕೊಟ್ಟು ಭಾಷೆ ಕಲಿಸುತ್ತಾರೆ. ಅವರು ಕಲಿಯುವ ಪ್ರತಿ ವಾರವೂ ಖಜಾನೆಗೆ ಖರ್ಚು. ಹಾಗಾಗಿ ಯಾವ ಭಾಷೆಗೆ ಎಷ್ಟು ವಾರ ಎಂಬ ಲೆಕ್ಕವನ್ನು ಸಂಸ್ಥೆ ಬಿಗಿಯಾಗಿಯೇ ಇಟ್ಟಿದೆ. ಸ್ಪ್ಯಾನಿಷ್, ಇಟಾಲಿಯನ್, ಡಚ್, ಸ್ವೀಡಿಷ್, ಫ್ರೆಂಚ್ ಭಾಷೆಗಳಿಗೆ 24ರಿಂದ 30 ವಾರ, ಅಂದರೆ 600ರಿಂದ 750 ಗಂಟೆಗಳ ತರಗತಿ. ಜರ್ಮನ್, ಇಂಡೊನೇಷಿಯನ್, ಸ್ವಾಹಿಲಿಗೆ 36 ವಾರ. ರಷ್ಯನ್, ಟರ್ಕಿಷ್, ಥಾಯ್ ಜೊತೆಗೆ ನಮ್ಮ ಹಿಂದಿ, ತಮಿಳು, ತೆಲುಗುಗಳಿಗೆ 44 ವಾರ, 1100 ಗಂಟೆ. ಅರಬ್ಬಿ, ಚೀನಿ, ಜಪಾನಿ, ಕೊರಿಯನ್ ಭಾಷೆಗಳಿಗೆ 88 ವಾರ, 2200 ಗಂಟೆ.

ಈ ಅಂಕಿಗಳು ಲೆಕ್ಕವಿಲ್ಲದಷ್ಟು ಜಾಹೀರಾತುಗಳಲ್ಲಿ ಬಳಕೆಯಾಗಿವೆ. ಅವುಗಳ ಹಿಂದಿನ ಷರತ್ತುಗಳನ್ನು ಹೇಳುವವರು ಕಡಿಮೆ. ಅಲ್ಲಿ ಕಲಿಯಲು ಬರುವವರು ಹೆಚ್ಚಾಗಿ ನಲವತ್ತರ ಆಸುಪಾಸಿನವರು, ಭಾಷೆ ಕಲಿಯುವ ಒಲವಿದ್ದವರು, ಇಂಗ್ಲಿಷ್ ಅಲ್ಲದೆ ಬೇರೊಂದೆರಡು ಭಾಷೆಗಳನ್ನು ಆಗಲೇ ಬಲ್ಲವರು. ಒಂದು ತರಗತಿಯಲ್ಲಿ ಆರಕ್ಕಿಂತ ಹೆಚ್ಚು ಜನರಿರುವುದಿಲ್ಲ. ವಾರಕ್ಕೆ 25 ಗಂಟೆ ಪಾಠ, ಅದರ ಮೇಲೆ ದಿನಕ್ಕೆ ಮೂರು ನಾಲ್ಕು ಗಂಟೆ ಸ್ವಂತ ಓದು. ಪಟ್ಟಿಯಲ್ಲಿರುವುದು ತರಗತಿಯ ಗಂಟೆ ಮಾತ್ರ. ಓದಿನ ಗಂಟೆಯನ್ನೂ ಸೇರಿಸಿದರೆ ಮೊತ್ತ ಒಂದೂವರೆ ಪಟ್ಟನ್ನೂ ಮೀರುತ್ತದೆ. ಇಷ್ಟೆಲ್ಲ ಮಾಡಿ ಮುಟ್ಟುವ ಗುರಿ ಸೊನ್ನೆಯಿಂದ ಐದರವರೆಗಿನ ಅಳತೆಯಲ್ಲಿ ಮೂರನೆಯ ಮಟ್ಟ. ಕಚೇರಿಯ ಸಭೆಯಲ್ಲಿ ವಾದ ಮಾಡಬಹುದು, ಪತ್ರಿಕೆ ಓದಬಹುದು. ಆ ಭಾಷೆಯಲ್ಲೇ ಹುಟ್ಟಿ ಬೆಳೆದವರ ಸಮಕ್ಕೆ ನಿಲ್ಲಲು ಇನ್ನೂ ಎರಡು ಮೆಟ್ಟಿಲು ಉಳಿದಿರುತ್ತದೆ.

ಕೆಲಸ, ಮನೆ, ಸಂಚಾರದ ನಡುವೆ ದಿನಕ್ಕೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳುವವರಿಗೆ 600 ಗಂಟೆ ತುಂಬಲು ಮೂರು ವರ್ಷ ದಾಟುತ್ತದೆ. 2200 ಗಂಟೆಗೆ ಹನ್ನೆರಡು ವರ್ಷ. ದಿನಕ್ಕೆ ಒಂದು ಗಂಟೆಯಾದರೆ ಆರು ವರ್ಷ. ಕೇಳಲು ಕಠಿಣವಾದರೂ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆರು ತಿಂಗಳಲ್ಲಿ ಭಾಷೆ ಬರಲಿಲ್ಲವೆಂದು ಬಿಟ್ಟವರಲ್ಲಿ ಹೆಚ್ಚಿನವರಿಗೆ ಕೊರತೆಯಾದದ್ದು ಬುದ್ಧಿಯಲ್ಲ, ಗಂಟೆಗಳು. ತಮಗೆ ಭಾಷೆಯ ತಲೆಯೇ ಇಲ್ಲ ಎಂಬ ತೀರ್ಮಾನಕ್ಕೆ ಅವರು ಬರಬೇಕಾದ ಅಗತ್ಯವೇ ಇರಲಿಲ್ಲ.

ಅಮೆರಿಕದ ಪಟ್ಟಿಗೆ ಇನ್ನೊಂದು ದೊಡ್ಡ ಮಿತಿಯಿದೆ. ಅದು ಇಂಗ್ಲಿಷ್ ಎಂಬ ಊರಿನಿಂದ ಅಳೆದ ದೂರ. ವಿಜಯಪುರ ಎಷ್ಟು ದೂರ ಎಂದರೆ ಬೆಂಗಳೂರಿನವರ ಉತ್ತರವೂ ಬಾಗಲಕೋಟೆಯವರ ಉತ್ತರವೂ ಒಂದೇ ಆಗಲಾರದು. ಸ್ವೀಡಿಷ್ ಸುಲಭ, ಜಪಾನಿ ಕಷ್ಟ ಎಂಬ ಮಾತಿನಲ್ಲಿ ‘ಯಾರಿಗೆ’ ಎಂಬುದು ಬಿಟ್ಟುಹೋಗಿದೆ.

ಹೊರಟ ಊರು ಎಷ್ಟು ಮುಖ್ಯ ಎಂಬುದಕ್ಕೆ ನೆದರ್‌ಲ್ಯಾಂಡ್ಸ್‌ನಿಂದ ಒಳ್ಳೆಯ ಆಧಾರ ಸಿಕ್ಕಿದೆ. ಅಲ್ಲಿ ನೆಲೆಸಲು ಬಂದವರು ಡಚ್ ಭಾಷೆಯಲ್ಲಿ ಸರ್ಕಾರಿ ಪರೀಕ್ಷೆ ಬರೆಯುತ್ತಾರೆ. ಹತ್ತಾರು ಸಾವಿರ ಪರೀಕ್ಷಾರ್ಥಿಗಳ ಅಂಕಗಳನ್ನು ಅವರವರ ತಾಯ್ನುಡಿಯ ಜೊತೆ ಹೊಂದಿಸಿ ನೋಡಿದ ಡಚ್ ಸಂಶೋಧಕರಿಗೆ ಒಂದು ಕ್ರಮ ಸ್ಪಷ್ಟವಾಗಿ ಕಂಡಿತು: ತಾಯ್ನುಡಿ ಡಚ್ಚಿಗೆ ಹತ್ತಿರವಿದ್ದಷ್ಟೂ ಅಂಕ ಹೆಚ್ಚು. ಜರ್ಮನ್ನರು ಮುಂದೆ, ದೂರದ ಭಾಷೆಗಳವರು ಹಿಂದೆ. ಕನ್ನಡಿಗರು ಗಮನಿಸಬೇಕಾದ ಸಂಗತಿ ಇದರ ಜೊತೆಗೇ ಇದೆ. ತಾಯ್ನುಡಿಯಷ್ಟಲ್ಲದಿದ್ದರೂ, ಚೆನ್ನಾಗಿ ಬಲ್ಲ ಎರಡನೆಯ ಭಾಷೆ ಹೊಸ ಭಾಷೆಗೆ ಹತ್ತಿರವಿದ್ದರೆ ಅದೂ ಕಲಿಕೆಗೆ ಒತ್ತಾಸೆ ಕೊಡುತ್ತದೆ. ಇಂಗ್ಲಿಷ್ ಬಲ್ಲ ಕನ್ನಡಿಗರು ಯುರೋಪಿನ ಭಾಷೆಗೆ ಕೈಹಾಕುವಾಗ ಬರಿಗೈಯಲ್ಲಿ ಹೋಗುವುದಿಲ್ಲ. ಅಂಥವರ ಬಳಿ ಎರಡು ಬೇರೆ ಬೇರೆ ಕುಟುಂಬಗಳ ಭಾಷೆಗಳಿವೆ. ಮಂಗಳೂರಿನ ಕಡೆಯವರಾದರೆ ತುಳು, ಕೊಂಕಣಿ, ಬ್ಯಾರಿಗಳೂ ಸೇರಿ ಗಂಟು ಇನ್ನೂ ದೊಡ್ಡದು.

ಈಗ ಜಪಾನಿ ಭಾಷೆಯನ್ನು ಕನ್ನಡದ ಕಡೆಯಿಂದ ನೋಡಬೇಕು. ಅಮೆರಿಕದ ಪಟ್ಟಿಯ ಕಟ್ಟಕಡೆಯ ಗುಂಪಿನಲ್ಲಿ ನಿಂತಿರುವ ಭಾಷೆ ಅದು. ‘ನಾನು ಅನ್ನವನ್ನು ತಿನ್ನುತ್ತೇನೆ’ ಎಂಬುದನ್ನು ಜಪಾನಿನವರು ‘ವತಾಶಿ ವ ಗೊಹಾನ್ ಒ ತಬೆಮಾಸ್’ ಎನ್ನುತ್ತಾರೆ. ನಾನು, ಅನ್ನ, ತಿನ್ನುವುದು: ಪದಗಳ ಸಾಲು ಕನ್ನಡದ್ದೇ. ಅನ್ನಕ್ಕೆ ಅಂಟಿದ ‘ಅನ್ನು’ ಮಾಡುವ ಕೆಲಸವನ್ನು ಗೊಹಾನ್ ಬೆನ್ನಿಗೆ ಬಂದ ‘ಒ’ ಮಾಡುತ್ತದೆ. ಟೋಕಿಯೋದಿಂದ ಎನ್ನಲು ‘ಟೋಕ್ಯೋ ಕರಾ’. ಗುರುತು ಹೆಸರಿನ ಹಿಂದೆ ಬರುತ್ತದೆ. ಪ್ರಶ್ನೆ ಕೇಳಲು ಕನ್ನಡದಲ್ಲಿ ಕ್ರಿಯಾಪದದ ಕೊನೆಗೆ ‘ಆ’ ಹಚ್ಚಿ ‘ತಿನ್ನುತ್ತೀರಾ’ ಎಂದಂತೆ ಅಲ್ಲಿ ‘ಕ’ ಹಚ್ಚಿದರೆ ಸಾಕು. ‘ನಿನ್ನೆ ಕೊಂಡ ಪುಸ್ತಕ’ ಎಂಬ ಮೂರು ಪದಗಳನ್ನು ಇಂಗ್ಲಿಷ್‌ಗೆ ತಿರುಗಿಸಲು ವಾಕ್ಯವನ್ನೇ ತಲೆಕೆಳಗು ಮಾಡಬೇಕು. ಜಪಾನಿಯಲ್ಲಿ ‘ಕಿನೋ ಕತ್ತ ಹೊನ್’, ಪದಕ್ಕೆ ಪದ ಅದೇ ಸಾಲು. ಹಿರಿಯರೊಡನೆ ಒಂದು ರೀತಿ, ಗೆಳೆಯರೊಡನೆ ಇನ್ನೊಂದು ರೀತಿ ಮಾತನಾಡಬೇಕು ಎಂಬುದನ್ನು ಕನ್ನಡಿಗರಿಗೆ ಯಾರೂ ವಿವರಿಸಬೇಕಿಲ್ಲ.

ಉಚ್ಚಾರಣೆಯಲ್ಲೂ ಹೀಗೆಯೇ. ‘ಒಬಸಾನ್’ ಎಂದರೆ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸಾನ್’ ಎಂದರೆ ಅಜ್ಜಿ. ಇಂಗ್ಲಿಷ್ ಮಾತಿನವರು ಇದರಲ್ಲಿ ತಿಂಗಳುಗಟ್ಟಲೆ ಎಡವುತ್ತಾರೆ. ಬಳೆ ಬೇರೆ ಬಾಳೆ ಬೇರೆ ಎಂದು ಅಂಗನವಾಡಿಯಲ್ಲೇ ತಿಳಿದವರಿಗೆ ಇದು ತೊಡಕೇ ಅಲ್ಲ. ಒತ್ತಕ್ಷರವೂ ಹಾಗೆಯೇ: ಹಳಿಗೂ ಹಳ್ಳಿಗೂ ಇರುವ ವ್ಯತ್ಯಾಸ ಕೇಳಬಲ್ಲ ಕಿವಿಗೆ ಜಪಾನಿಯ ‘ಕಿತೆ’ ಮತ್ತು ‘ಕಿತ್ತೆ’ ತಾವಾಗಿಯೇ ಬೇರೆ ಬೇರೆಯಾಗಿ ಕೇಳುತ್ತವೆ. ಜಪಾನಿನ ಅಕ್ಷರಮಾಲೆಯನ್ನು ಅವರು ಹೇಳುವ ಕ್ರಮ ಅ, ಇ, ಉ, ಎ, ಒ; ಮುಂದೆ ಕ, ಸ, ತ, ನ, ಹ, ಮ, ಯ, ರ, ವ. ಇದು ನಮ್ಮ ವರ್ಣಮಾಲೆಯ ಕ್ರಮವನ್ನು ಹೋಲುವುದು ಆಕಸ್ಮಿಕವಲ್ಲ. ಬೌದ್ಧ ಭಿಕ್ಷುಗಳ ಸಂಸ್ಕೃತ ಅಭ್ಯಾಸದ ಜೊತೆ ಭಾರತದ ವರ್ಣಮಾಲೆಯ ಕ್ರಮ ಅಲ್ಲಿಗೆ ತಲುಪಿತ್ತು.

ಇಷ್ಟು ಹೋಲಿಕೆ ಕಂಡು ಎರಡು ಕಡೆಯವರೂ ಒಂದೇ ಮೂಲದವರು ಎಂದುಕೊಂಡವರಿದ್ದಾರೆ. ಜಪಾನಿನ ವಿದ್ವಾಂಸ ಸುಸುಮು ಓನೊ ತಮಿಳಿಗೂ ಜಪಾನಿಗೂ ಸಂಬಂಧ ಕಲ್ಪಿಸಿ ವರ್ಷಗಟ್ಟಲೆ ವಾದಿಸಿದರು. ಭಾಷಾವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. ಕಲಿಯುವವರಿಗೆ ಆ ನೆಂಟಸ್ತಿಕೆ ಬೇಕಾಗಿಯೂ ಇಲ್ಲ. ವಾಕ್ಯ ಕಟ್ಟುವ ರೀತಿ ಹೋಲಿದರೆ ಸಾಕು.

ಹಾಗೆಂದು ಜಪಾನಿ ಸುಲಭ ಎಂದು ಹೇಳಿದರೆ ಸುಳ್ಳಾಗುತ್ತದೆ. ಅದರ ನಿಜವಾದ ಭಾರ ಇರುವುದು ಕಾಂಜಿ ಎಂಬ ಚಿತ್ರಾಕ್ಷರಗಳಲ್ಲಿ. ಸಾಮಾನ್ಯ ಬಳಕೆಗೆಂದು ಜಪಾನ್ ಸರ್ಕಾರ 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ 2136 ಕಾಂಜಿಗಳಿವೆ, ಅವುಗಳಲ್ಲಿ ಅನೇಕವಕ್ಕೆ ಸಂದರ್ಭಕ್ಕೆ ತಕ್ಕಂತೆ ಎರಡು ಮೂರು ಬಗೆಯ ಓದು. ಜಪಾನಿನ ಮಕ್ಕಳೇ ಪ್ರಾಥಮಿಕ ಶಾಲೆಯ ಆರು ವರ್ಷಗಳಲ್ಲಿ ಕಲಿಯುವುದು 1026. ಈ ಭಾಗದಲ್ಲಿ ಕನ್ನಡಿಗರಿಗೆ ಯಾವ ರಿಯಾಯಿತಿಯೂ ಇಲ್ಲ. ಹಾಗಾಗಿ ಮಾತು ಬೇಗ ಬಂದು ಓದು ಬಹಳ ಹಿಂದೆ ಉಳಿಯುವ ಸಾಧ್ಯತೆ ಹೆಚ್ಚು. ಎನ್5ರಿಂದ ಎನ್1ರವರೆಗೆ ಐದು ಹಂತಗಳ ಜಪಾನಿ ಸಾಮರ್ಥ್ಯ ಪರೀಕ್ಷೆಯಲ್ಲಿ ಓದು ಮತ್ತು ಕೇಳುವಿಕೆ ಇವೆ, ಬಾಯಿಬಿಟ್ಟು ಮಾತನಾಡುವ ಭಾಗ ಇಲ್ಲ. ಕನ್ನಡಿಗರು ಗಳಿಸಿಕೊಂಡು ಬಂದ ಬಂಡವಾಳ ಆ ಪ್ರಮಾಣಪತ್ರದಲ್ಲಿ ಪೂರ್ತಿ ಕಾಣುವುದೇ ಇಲ್ಲ.

ಇಂಗ್ಲಿಷ್ ಎಂಬ ದೂರದ ಊರಿನಿಂದ ಹೊರಟೂ ಜಪಾನಿಯನ್ನು ಮುಟ್ಟಿದವರಲ್ಲಿ ಡೊನಾಲ್ಡ್ ಕೀನ್ ಅವರ ಹೆಸರು ದೊಡ್ಡದು. 1940ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನ ಅಂಗಡಿಯೊಂದರಲ್ಲಿ ‘ಗೆಂಜಿಯ ಕಥೆ’ ಎಂಬ ಹಳೆಯ ಜಪಾನಿ ಕಾದಂಬರಿಯ ಇಂಗ್ಲಿಷ್ ಅನುವಾದವನ್ನು 49 ಸೆಂಟ್‌ಗೆ ಕೊಂಡರು. ಅಗ್ಗಕ್ಕೆ ಸಿಕ್ಕಿದ್ದಕ್ಕೆ ಕೊಂಡ ಪುಸ್ತಕ ಅವರನ್ನು ಹಿಡಿದುಕೊಂಡಿತು. ಯುದ್ಧ ಬಂದಾಗ ಅಮೆರಿಕದ ನೌಕಾಪಡೆಯ ಜಪಾನಿ ಭಾಷಾ ಶಾಲೆ ಸೇರಿದರು. ವಾರಕ್ಕೆ ಆರು ದಿನ ಪಾಠ, ಉಳಿದ ಹೊತ್ತೆಲ್ಲ ಓದು. ಹನ್ನೊಂದು ತಿಂಗಳಿಗೆ ಶಾಲೆ ಮುಗಿಯಿತು. ಆಮೇಲೆ ಅವರ ಕೈಗೆ ಬಂದದ್ದು ಸತ್ತ ಜಪಾನಿ ಸೈನಿಕರ ದಿನಚರಿಗಳು. ಮನೆಯವರನ್ನು ನೆನೆದು ಬರೆದ ಆ ಕೈಬರಹಗಳನ್ನು ಓದುತ್ತ ಓದುತ್ತ ಶತ್ರುವಿನ ಭಾಷೆ ಅವರಿಗೆ ಮನುಷ್ಯರ ಭಾಷೆಯಾಯಿತು. ಮುಂದೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಪಾಠ ಹೇಳಿದರು, ಜಪಾನಿ ಸಾಹಿತ್ಯದ ಹಲವು ಸಂಪುಟಗಳ ಚರಿತ್ರೆ ಬರೆದರು, 2012ರಲ್ಲಿ ಜಪಾನಿನ ಪೌರರಾದರು, 2019ರಲ್ಲಿ ಅಲ್ಲಿಯೇ ತೀರಿಕೊಂಡರು. ಹನ್ನೊಂದು ತಿಂಗಳ ಶಾಲೆಯನ್ನು ಎತ್ತಿ ಹೇಳುವವರು ಅದರ ಹಿಂದೆ ಬಂದ ಎಪ್ಪತ್ತೈದು ವರ್ಷಗಳ ಓದನ್ನೂ ಹೇಳಬೇಕು.

ಜರ್ಮನ್ ಭಾಷೆಯದು ತಿರುಗುಮುರುಗು ಲೆಕ್ಕ. ಇಂಗ್ಲಿಷ್ ಬಲ್ಲವರಿಗೆ ಅದರ ಪದಗಳಲ್ಲಿ ಎಷ್ಟೋ ಪರಿಚಿತ ಮುಖಗಳು, ಲಿಪಿಯೂ ಹೊಸದಲ್ಲ. ಉಪವಾಕ್ಯಗಳಲ್ಲಿ ಕ್ರಿಯಾಪದ ಕೊನೆಗೆ ಹೋಗುವುದು ಇಂಗ್ಲಿಷ್‌ನವರನ್ನು ಕಾಡಿದಷ್ಟು ಕನ್ನಡಿಗರನ್ನು ಕಾಡದು. ಕಾಡುವುದು ಲಿಂಗ. ಕನ್ನಡದಲ್ಲಿ ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಕಲ್ಲು ಮರ ನಪುಂಸಕ. ಅರ್ಥ ಗೊತ್ತಾದರೆ ಲಿಂಗ ಗೊತ್ತಾದಂತೆಯೇ. ಜರ್ಮನ್‌ನಲ್ಲಿ ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕ, ಹುಡುಗಿಯೂ ನಪುಂಸಕ. ಹಿಂದಿಯ ‘ಕಾ, ಕೀ’ಗಳಲ್ಲಿ ಅಂಕ ಕಳೆದುಕೊಂಡವರಿಗೆ ಈ ಸಂಕಟ ಅರ್ಥವಾಗುತ್ತದೆ. ಉಪಾಯ ಒಂದೇ: ಪ್ರತಿ ಪದವನ್ನೂ ಅದರ ಲಿಂಗದ ಗುರುತಿನ ಸಮೇತ ಮೊದಲ ದಿನದಿಂದಲೇ ಬಾಯಿಪಾಠ ಮಾಡುವುದು.

ಸಮಯದ ಬಗ್ಗೆ ಗೊಯಟೆ ಇನ್‌ಸ್ಟಿಟ್ಯೂಟ್ ಕೊಡುವ ಅಂದಾಜು ಸ್ಪಷ್ಟವಾಗಿದೆ. ಆ ಸಂಸ್ಥೆಯೇ ಬೆಂಗಳೂರಿನಲ್ಲಿ ಮ್ಯಾಕ್ಸ್ ಮುಲ್ಲರ್ ಭವನ ಎಂಬ ಹೆಸರಿನಲ್ಲಿ ಪಾಠ ನಡೆಸುತ್ತದೆ. ಯುರೋಪಿನ ಎ1ರಿಂದ ಸಿ2ರವರೆಗಿನ ಆರು ಮೆಟ್ಟಿಲುಗಳಲ್ಲಿ ನಾಲ್ಕನೆಯದು ಬಿ2. ಅದನ್ನು ಮುಟ್ಟಲು 45 ನಿಮಿಷಗಳ 600ರಿಂದ 800 ಪಾಠಗಳು ಬೇಕು; ಗಡಿಯಾರದ ಲೆಕ್ಕದಲ್ಲಿ 450ರಿಂದ 600 ಗಂಟೆ. ಜರ್ಮನಿಯಲ್ಲಿ ನರ್ಸ್ ಆಗಿ ಮಾನ್ಯತೆ ಪಡೆಯಲು ಸಾಮಾನ್ಯವಾಗಿ ಕೇಳುವ ಮಟ್ಟ ಇದೇ. ‘ಆರು ತಿಂಗಳಲ್ಲಿ ಜರ್ಮನಿಗೆ’ ಎಂಬ ಮಾತನ್ನು ಈ ಗಂಟೆಗಳ ಪಕ್ಕದಲ್ಲಿಟ್ಟು ನೋಡಿದರೆ ದಿನಕ್ಕೆ ಎಷ್ಟು ಹೊತ್ತು ಕೂರಬೇಕು ಎಂಬುದು ತಾನಾಗಿ ಹೊರಬೀಳುತ್ತದೆ: ರಜೆಯೇ ಇಲ್ಲದೆ ದಿನಕ್ಕೆ ಎರಡೂವರೆಯಿಂದ ಮೂರೂಕಾಲು ಗಂಟೆ ಪಾಠ, ಅದರ ಮೇಲೆ ಮನೆಯ ಓದು.

ಭಾಷೆಗಳ ನಡುವಿನ ಈ ದೂರ ಕಿವಿಯಲ್ಲಿ ಯಾವಾಗ ಶುರುವಾಗುತ್ತದೆ? ತೊಟ್ಟಿಲಲ್ಲೇ. 1984ರಲ್ಲಿ ಕೆನಡಾದ ಜಾನೆಟ್ ವೆರ್ಕರ್ ಮತ್ತು ರಿಚರ್ಡ್ ಟೀಸ್ ಪ್ರಕಟಿಸಿದ ಪ್ರಯೋಗದಲ್ಲಿ ಬಳಸಿದ ಧ್ವನಿಗಳಲ್ಲಿ ಹಿಂದಿಯ ‘ತ’ ಮತ್ತು ‘ಟ’ ಇದ್ದವು. ಕನ್ನಡದ ಮಗುವೂ ದಿನವಿಡೀ ಕೇಳುವ ಧ್ವನಿಗಳು. ಇಂಗ್ಲಿಷ್ ಮನೆಗಳಲ್ಲಿ ಬೆಳೆಯುತ್ತಿದ್ದ ಆರರಿಂದ ಎಂಟು ತಿಂಗಳ ಕೂಸುಗಳು ಇವೆರಡರ ವ್ಯತ್ಯಾಸವನ್ನು ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳಾಗುವ ಹೊತ್ತಿಗೆ ಬಹುತೇಕ ಆ ಶಕ್ತಿ ಹೋಗಿತ್ತು. ತನ್ನ ಮನೆಯಲ್ಲಿ ಬೇಕಾಗದ ಭೇದವನ್ನು ಮಗುವಿನ ಮಿದುಳು ವರ್ಷ ತುಂಬುವುದರೊಳಗೆ ಬದಿಗಿಡುತ್ತದೆ. ಚೀನಿ ಭಾಷೆಯ ಸ್ವರಗಳ ಏರಿಳಿತ, ಫ್ರೆಂಚಿನ ಮೂಗಿನ ಸ್ವರಗಳು ವಯಸ್ಕ ಕನ್ನಡಿಗರಿಗೆ ಮೊದಮೊದಲು ಒಂದರಂತೆ ಒಂದು ಕೇಳುವುದು ಇದೇ ಕಾರಣಕ್ಕೆ. ಕಿವಿಯನ್ನು ಮತ್ತೆ ತಿದ್ದಬಹುದು, ಅದಕ್ಕೆ ಪ್ರತ್ಯೇಕ ಅಭ್ಯಾಸ ಬೇಕು.

ಹಾಗಾದರೆ ವಯಸ್ಸಾದ ಮೇಲೆ ಕಲಿಕೆ ವ್ಯರ್ಥವೆ? 2018ರಲ್ಲಿ ಜೋಶುವಾ ಹಾರ್ಟ್‌ಶಾರ್ನ್, ಜೋಶುವಾ ಟೆನೆನ್‌ಬಾಮ್, ಸ್ಟೀವನ್ ಪಿಂಕರ್ ಸುಮಾರು 6.7 ಲಕ್ಷ ಜನರ ಇಂಗ್ಲಿಷ್ ವ್ಯಾಕರಣದ ಉತ್ತರಗಳನ್ನು ವಿಶ್ಲೇಷಿಸಿದರು. ವ್ಯಾಕರಣ ಕಲಿಯುವ ಚುರುಕು ಸುಮಾರು 17 ವರ್ಷದವರೆಗೂ ಉಳಿದು ಆಮೇಲೆ ಇಳಿಯುತ್ತದೆ ಎಂಬುದು ಅವರ ತೀರ್ಮಾನ. ಇಳಿಯುತ್ತದೆ ಎಂದರೆ ನಿಂತುಹೋಗುತ್ತದೆ ಎಂದಲ್ಲ. ಮೊದಲ ತಿಂಗಳುಗಳಲ್ಲಂತೂ ದೊಡ್ಡವರೇ ಮುಂದಿರುತ್ತಾರೆ. ನೆದರ್‌ಲ್ಯಾಂಡ್ಸ್‌ಗೆ ಬಂದ ಇಂಗ್ಲಿಷ್ ಕುಟುಂಬಗಳನ್ನು ಕ್ಯಾಥರೀನ್ ಸ್ನೋ ಮತ್ತು ಅವರ ಸಹೋದ್ಯೋಗಿ ಅಧ್ಯಯನ ಮಾಡಿ 1978ರಲ್ಲಿ ಪ್ರಕಟಿಸಿದ ವರದಿಯಲ್ಲಿ ಡಚ್ಚನ್ನು ಬೇಗ ಹಿಡಿದವರು 12ರಿಂದ 15ರ ವಯಸ್ಸಿನವರು ಮತ್ತು ವಯಸ್ಕರು. ತೀರಾ ಹಿಂದೆ ಉಳಿದವರು ಮೂರರಿಂದ ಐದು ವರ್ಷದ ಮಕ್ಕಳು. ಮಕ್ಕಳ ಗೆಲುವು ವರ್ಷಗಳು ಉರುಳಿದ ಮೇಲೆ ಬರುತ್ತದೆ.

ಕಲಿತದ್ದು ಉಳಿಯುವುದು ಇನ್ನೊಂದು ಮಾತು. ಇಂಗ್ಲಿಷ್ ಕಾದಂಬರಿಯನ್ನು ನಿಘಂಟಿನ ನೆರವಿಲ್ಲದೆ ಓದಲು ಎಂಟರಿಂದ ಒಂಬತ್ತು ಸಾವಿರ ಪದಕುಟುಂಬಗಳು (ಒಂದೇ ಮೂಲಪದದಿಂದ ಬೆಳೆದ ರೂಪಗಳ ಗುಂಪುಗಳು) ಗೊತ್ತಿರಬೇಕೆಂದು ನ್ಯೂಜಿಲೆಂಡಿನ ಪಾಲ್ ನೇಷನ್ 2006ರಲ್ಲಿ ಲೆಕ್ಕ ಹಾಕಿದರು. ದಿನಕ್ಕೆ ಹತ್ತು ಪದ ಕಲಿತು ಒಂದನ್ನೂ ಮರೆಯದಿದ್ದರೂ ಎರಡು ವರ್ಷಕ್ಕೂ ಮೇಲಾಯಿತು. ಮರೆಯದಿರುವುದು ಹೇಗೆ ಎಂಬುದನ್ನು ಹ್ಯಾರಿ ಬಾರಿಕ್ ಎಂಬ ಮನೋವಿಜ್ಞಾನಿ ತಮ್ಮ ಮನೆಯವರನ್ನೇ ಸೇರಿಸಿಕೊಂಡು ಪರೀಕ್ಷಿಸಿದರು. ಕುಟುಂಬದ ನಾಲ್ವರು ತಲಾ 300 ವಿದೇಶಿ ಪದಗಳನ್ನು ಬೇರೆ ಬೇರೆ ಅಂತರದಲ್ಲಿ ಮತ್ತೆ ಮತ್ತೆ ಕಲಿತರು, ವರ್ಷಗಳ ನಂತರ ನೆನಪನ್ನು ಅಳೆದುಕೊಂಡರು. 1993ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: 56 ದಿನಗಳ ಅಂತರದಲ್ಲಿ 13 ಸಲ ಕಲಿತದ್ದು, 14 ದಿನಗಳ ಅಂತರದಲ್ಲಿ 26 ಸಲ ಕಲಿತದ್ದಕ್ಕೆ ಸರಿಸಮವಾಗಿ ಉಳಿದಿತ್ತು. ಅಂತರ ಹಿಗ್ಗಿಸಿದರೆ ಅರ್ಧ ಶ್ರಮಕ್ಕೆ ಅಷ್ಟೇ ಫಲ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವ ನಮ್ಮ ಶಾಲಾ ಅಭ್ಯಾಸಕ್ಕೆ ಇದಕ್ಕಿಂತ ಗಟ್ಟಿಯಾದ ಉತ್ತರವಿಲ್ಲ.

ಅದೇ ಬಾರಿಕ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಾಲೆಯಲ್ಲಿ ಸ್ಪ್ಯಾನಿಷ್ ಕಲಿತಿದ್ದ 733 ಜನರನ್ನು ಪರೀಕ್ಷಿಸಿದ್ದರು. ಕೆಲವರು ಕಲಿತು ಐವತ್ತು ವರ್ಷವಾಗಿತ್ತು. ಮೊದಲ ಕೆಲವು ವರ್ಷಗಳಲ್ಲಿ ಬಹಳಷ್ಟು ಕರಗಿಹೋಗುತ್ತದೆ, ಆಮೇಲೆ ಉಳಿದದ್ದು ದಶಕಗಳ ಕಾಲ ಹಾಗೇ ಇರುತ್ತದೆ. ಎಷ್ಟು ಉಳಿಯುತ್ತದೆ ಎಂಬುದನ್ನು ನಿರ್ಧರಿಸಿದ್ದು ಆರಂಭದಲ್ಲಿ ಎಷ್ಟು ಆಳವಾಗಿ ಕಲಿತಿದ್ದರು ಎಂಬುದು. ಒಂದೊಂದು ವರ್ಷ ಒಂದೊಂದು ಭಾಷೆ ಮುಟ್ಟಿ ಬಿಡುವವರು ಇದನ್ನು ಯೋಚಿಸಬೇಕು. ಮೂರು ಭಾಷೆಗಳಲ್ಲಿ ತಲಾ 200 ಗಂಟೆ ಕಳೆಯುವುದಕ್ಕಿಂತ ಒಂದರಲ್ಲೇ 600 ಗಂಟೆ ಕೂರುವುದು ಮೇಲು.

ಆ ಒಂದು ಯಾವುದು? ಪಿಯುಸಿಯಲ್ಲಿ ಅಂಕ ಸಿಗುತ್ತದೆಂದು ಫ್ರೆಂಚ್ ತೆಗೆದುಕೊಂಡು, ಪರೀಕ್ಷೆ ಮುಗಿದ ವಾರವೇ ಪುಸ್ತಕ ಮುಚ್ಚುವ ಮಕ್ಕಳಿಗೆ ಕಲಿಯುವ ಶಕ್ತಿ ಕಡಿಮೆಯಿರಲಿಲ್ಲ. ಆ ಭಾಷೆಯಲ್ಲಿ ಅವರಿಗೆ ಮಾಡಲು ಮುಂದೆ ಏನೂ ಇರಲಿಲ್ಲ. ಮಾರುಕಟ್ಟೆಯ ಬೇಡಿಕೆ ಒಳ್ಳೆಯ ಕಾರಣವೇ, ಆದರೆ ಅದೊಂದೇ 2200 ಗಂಟೆಗಳ ಕಾಲ ಯಾರನ್ನೂ ಕೂರಿಸದು. ಎರಡು ವರ್ಷದ ನಂತರ ಈ ಭಾಷೆಯಲ್ಲಿ ಯಾರೊಡನೆ ಮಾತನಾಡುತ್ತೀರಿ, ಏನನ್ನು ಓದುತ್ತೀರಿ ಎಂಬ ಪ್ರಶ್ನೆಗೆ ಉತ್ತರವಿರುವ ಭಾಷೆಯನ್ನು ಆರಿಸಿಕೊಳ್ಳಬೇಕು. ಉತ್ತರ ಖಚಿತವಾಗಿದ್ದಷ್ಟೂ ಪಠ್ಯವೂ ಖಚಿತವಾಗುತ್ತದೆ. ಕರಾವಳಿಯಿಂದ ಕೊಲ್ಲಿ ದೇಶಗಳಿಗೆ ಹೋಗುವವರು ಅರಬ್ಬಿ ಕಲಿಯುವಾಗ ಮೊದಲು ಕೇಳಿಕೊಳ್ಳಬೇಕಾದದ್ದು ಯಾವ ಅರಬ್ಬಿ ಎಂದು: ಪತ್ರಿಕೆಯದೋ, ಬೀದಿಯದೋ. ಇವೆರಡರ ನಡುವಿನ ಕಂದರವನ್ನು ಭಾಷಾವಿಜ್ಞಾನಿ ಚಾರ್ಲ್ಸ್ ಫರ್ಗುಸನ್ 1959ರಲ್ಲೇ ವಿವರಿಸಿದ್ದಾರೆ. ಅಂಗಡಿ ನಡೆಸಬೇಕಾದವರು ಗ್ರಾಂಥಿಕ ವ್ಯಾಕರಣದಲ್ಲಿ ವರ್ಷ ಕಳೆಯಬೇಕಿಲ್ಲ.

ಕನ್ನಡದಿಂದ ಹೊರಟು ಬೇರೆ ಬೇರೆ ಭಾಷೆಗಳಿಗೆ ಎಷ್ಟು ಗಂಟೆ ಎಂಬ ಲೆಕ್ಕ ನಮ್ಮದೇ ಆಗಬೇಕು, ಅದು ಕಷ್ಟದ ಕೆಲಸವೂ ಅಲ್ಲ. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಗಳ ಭಾಷಾ ಶಾಲೆಗಳು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವಾಗ ಮನೆಮಾತು ಯಾವುದು, ಬೇರೆ ಯಾವ ಭಾಷೆಗಳು ಗೊತ್ತು ಎಂದು ಬರೆದುಕೊಳ್ಳಲಿ. ತರಗತಿಯ ಗಂಟೆಗಳನ್ನೂ ಪರೀಕ್ಷೆಯ ಫಲಿತಾಂಶವನ್ನೂ ಜೊತೆಗಿಡಲಿ. 1969ರಿಂದ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ದೇಶದ ಭಾಷೆಗಳನ್ನು ಅಧ್ಯಯನ ಮಾಡುತ್ತ ಬಂದಿದೆ. ಇಂಥ ದಾಖಲೆಗಳನ್ನು ಒಟ್ಟುಗೂಡಿಸಲು ಅದಕ್ಕಿಂತ ತಕ್ಕ ಜಾಗ ಇನ್ನೊಂದಿಲ್ಲ. ಕಲಿಯಹೊರಟವರೂ ತಮ್ಮ ಪಾಲಿನ ಕೆಲಸ ಮಾಡಬಹುದು. ಶುಲ್ಕ ಕಟ್ಟುವ ಮೊದಲು ಒಟ್ಟು ಎಷ್ಟು ಗಂಟೆ ಪಾಠ, ಯಾವ ಮಟ್ಟದವರೆಗೆ ಎಂದು ಶಾಲೆಯನ್ನು ಕೇಳಿ. ಆ ಗಂಟೆಗಳನ್ನು ನಿಮ್ಮ ದಿನದ ಬಿಡುವಿನಿಂದ ಭಾಗಿಸಿ, ಬಂದ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಶುರುಮಾಡಿ.